ಅಳತೆ ಪುಸ್ತಕದ ನೂರು ಹೆಸರು

ಟೈಲರಮ್ಮನಿಗೆ ಹೆಸರುಗಳು ನೆನಪಿರುತ್ತಿರಲಿಲ್ಲ, ಭುಜಗಳು ನೆನಪಿರುತ್ತಿದ್ದವು. ಮೂವತ್ತೊಂದು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಆಸುಪಾಸಿನ ಹೆಂಗಸರಿಗೆಲ್ಲ ಬಟ್ಟೆ ಹೊಲಿದವಳು ಆಕೆ. ರಸ್ತೆಯಲ್ಲಿ ಯಾರಾದರೂ ನಿಂತು ನಕ್ಕರೆ ಗುರುತು ಸಿಗದೆ ಒದ್ದಾಡುವಳು. ಅವರು ಬೆನ್ನು ತಿರುಗಿಸಿ ಹೊರಟ ಮೇಲೆ, ಅಯ್ಯೋ ಇವರಲ್ಲವೇ ಎಂದು ಹಣೆ ಚಚ್ಚಿಕೊಳ್ಳುವಳು. ಹಾಗಾಗಿ ಅಳತೆ ಪುಸ್ತಕದಲ್ಲೂ ಹೆಸರು ಬರೆಯುವ ಗೋಜಿಗೆ ಹೋದವಳಲ್ಲ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲ್ಗಡೆ ಫೋನ್ ನಂಬರು, ಅದರ ಪಕ್ಕ ಆ ಮೈಯ ಗುಟ್ಟು. "ಎಡಭುಜ ತಗ್ಗು" ಅಂದರೆ ಶಾಲೆಯ ಹೆಡ್‌ಮಿಸ್ಸು. "ಹೊಟ್ಟೆ ಕೇಳಬೇಡ" ಅಂದರೆ ಔಷಧಿ ಅಂಗಡಿಯ ಯಜಮಾನತಿ. "ಬಲಗಡೆ ಹತ್ತಿ" ಅಂದರೆ ಪೋಸ್ಟಾಫೀಸಿನ ಕೌಂಟರಿನಾಕೆ.

ಪೋಸ್ಟಾಫೀಸಿನಾಕೆ ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆಯಿಂದ ಬಂದು, ಬಾಗಿಲು ಹಾಕಿಕೊಳ್ಳಿ ಅಂದು, ಎದೆಯ ಬಲಗಡೆ ಶಸ್ತ್ರಚಿಕಿತ್ಸೆಯ ಗಾಯ ತೋರಿಸಿ ಅತ್ತಿದ್ದಳು. ಟೈಲರಮ್ಮ ಒಂದು ಮಾತೂ ಆಡದೆ ಅಂಗಿಯ ಒಳಗೆ ಹತ್ತಿ ತುಂಬಿದ ಚೀಲವೊಂದನ್ನು ಹೊಲಿದು, ಎರಡು ಕಡೆಯೂ ಸಮ ಕಾಣುವಂತೆ ಮಾಡಿಕೊಟ್ಟಿದ್ದಳು. ಅದು ಆಕೆಯ ಮಗನಿಗೂ ಗೊತ್ತಿರಲಿಲ್ಲ. ಟೈಲರಮ್ಮ ತನ್ನ ಗಂಡನ ಮುಂದೂ ಬಾಯಿ ಬಿಟ್ಟಿರಲಿಲ್ಲ. ಪೇಟೆಯಲ್ಲಿ ಇದಕ್ಕಿಂತ ಬೇಗ, ಇದಕ್ಕಿಂತ ಅಗ್ಗಕ್ಕೆ ಹೊಲಿಯುವವರು ಎಷ್ಟು ಜನರಿರಲಿಲ್ಲ! ಗಿರಾಕಿಗಳು ಈ ಮನೆಗೆ ಬರುತ್ತಿದ್ದದ್ದು ಆ ಮುಚ್ಚಿದ ಬಾಯಿಯನ್ನು ನಂಬಿ. ಆ ನಂಬಿಕೆ ಹೋದರೆ ಯಂತ್ರಕ್ಕೆ ಬಟ್ಟೆ ಹೊದಿಸಿ ಕೂರಬೇಕಷ್ಟೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ನಾಲ್ಕು ಜನ. ಗಂಡ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಬೀದಿಗೆಲ್ಲ ಇನ್ನೂ ಕಂಡಕ್ಟರೇ. ಮಗ ಲಿಫ್ಟ್ ರಿಪೇರಿಯವನು. ಬೆಳಗ್ಗೆ ಇಸ್ತ್ರಿ ಅಂಗಿಯಲ್ಲಿ ಹೋಗಿ ಸಂಜೆ ಗ್ರೀಸಿನಲ್ಲಿ ಮಿಂದು ಬರುತ್ತಿದ್ದ. ಸೊಸೆ ಫೋಟೋ ಸ್ಟುಡಿಯೋದ ಕೌಂಟರಿನಲ್ಲಿ ಕೂರುತ್ತಿದ್ದವಳು. ಎಲ್ಲರ ಕೈಗೂ ಫೋನು ಬಂದ ಮೇಲೆ ಫೋಟೋ ತೆಗೆಸಲು ಯಾರು ಬರುತ್ತಾರೆ? ಸ್ಟುಡಿಯೋ ಬಾಗಿಲು ಹಾಕಿತು. ಯಜಮಾನ ಕೊನೆಯ ಸಂಬಳದ ಜೊತೆಗೆ, ಉಳಿದುಹೋದ ಫೋಟೋ ಲಕೋಟೆಗಳ ಎರಡು ಕಟ್ಟನ್ನೂ ನೆನಪಿಗಿರಲಿ ಎಂದು ಕೊಟ್ಟು ಕಳಿಸಿದ. ಸೊಸೆ ಅವನ್ನು ಕಪಾಟಿನ ಮೇಲೆಸೆದು ಅಡುಗೆಮನೆಗೆ ಬಂದಳು. ಒಂದು ಒಲೆ, ಇಬ್ಬರು ಹೆಂಗಸರು, ಇಡೀ ದಿನ. ಆಮೇಲಿನದು ಗೊತ್ತೇ ಇದೆಯಲ್ಲ. ಒಂದು ದಿನ ಬೇಳೆಗೆ ಇಬ್ಬರೂ ಉಪ್ಪು ಹಾಕಿದರು, ಮಾರನೆಯ ದಿನ ಇಬ್ಬರೂ ಹಾಕಲಿಲ್ಲ.

ಎಲ್ಲರೂ ಮೇಡಂ ಎನ್ನುತ್ತಿದ್ದಾಕೆ ಈ ಮನೆಗೆ ಕಾಲಿಟ್ಟದ್ದು ಆಗಲೇ. ಆಕೆ ಸ್ಟುಡಿಯೋದ ಹಳೆಯ ಗಿರಾಕಿ. ಕೈಯಲ್ಲೊಂದು ನೀಲಿ ಡಬ್ಬಿ, ಅದರಲ್ಲಿ ಬಟ್ಟೆ ಒಗೆಯುವ ಪುಡಿ. ಬಾಯಿ ತುಂಬ ಬೆಲ್ಲದಂಥ ಮಾತು. ಬಂದ ಐದು ನಿಮಿಷಕ್ಕೆ ಕಂಡಕ್ಟರನ್ನು ಅಂಕಲ್ ಅಂದಳು, ಟೈಲರಮ್ಮನನ್ನು ಅಮ್ಮ ಅಂದಳು, ಚಹಾಕ್ಕೆ ಇಷ್ಟು ಹದವಾಗಿ ಸಕ್ಕರೆ ಹಾಕಿದವರನ್ನು ಕಂಡೇ ಇಲ್ಲ ಅಂದಳು. ಮನೆಯಲ್ಲೇ ಕೂತು ಮಾಡುವ ವ್ಯಾಪಾರ, ಯಾರ ಕೈಕೆಳಗೂ ಇರಬೇಕಿಲ್ಲ, ಮೂರು ಜನರನ್ನು ಸೇರಿಸಿದರೆ ಸಾಕು, ಆ ಮೂವರು ತಲಾ ಮೂವರನ್ನು ಸೇರಿಸುತ್ತಾರೆ ಎಂದು ಹಾಳೆಯ ಮೇಲೆ ಸೊನ್ನೆ ಬರೆಯುತ್ತಾ ಹೋದಳು. ಕಂಡಕ್ಟರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಹಾಳೆ ತುಂಬಿತು.

ಟೈಲರಮ್ಮ ಗುಂಡಿ ಹಚ್ಚುತ್ತಿದ್ದ ಕೈ ನಿಲ್ಲಿಸದೆ ಕೇಳಿದಳು. "ಇವರೆಲ್ಲ ಸೇರ್ತಾ ಹೋದ್ರೆ ಪುಡಿ ಕೊಳ್ಳೋರು ಯಾರು?"

"ಸೇರಿದವರೇ ಕೊಳ್ತಾರಲ್ಲಮ್ಮ."

"ಸೇರದೆ ಇರೋರು?"

"ಅವರೂ ಸೇರ್ತಾರೆ," ಎಂದು ಮೇಡಂ ನಕ್ಕಳು. ಆಮೇಲೆ ಸೇರುವವರೆಲ್ಲ ಮೊದಲು ಪರಿಚಯದ ನೂರು ಜನರ ಪಟ್ಟಿ ಕೊಡಬೇಕು, ಹೆಸರು ಮತ್ತು ನಂಬರು, ಎಷ್ಟೋ ಜನಕ್ಕೆ ಇಪ್ಪತ್ತು ತುಂಬಿಸುವಷ್ಟರಲ್ಲಿ ಬೆವರಿಳಿಯುತ್ತದೆ ಎಂದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಯಂತ್ರದ ಪಕ್ಕದ ದಪ್ಪ ಪುಸ್ತಕದ ಮೇಲೆ ಹೋಗಿ ಕೂತಿತು. "ನಿಮ್ಮನೇಲಿ ಚಿನ್ನದ ಗಣಿನೇ ಇದೆಯಲ್ಲಮ್ಮ."

ಟೈಲರಮ್ಮ ಪುಸ್ತಕದ ಮೇಲೆ ಯಾರದೋ ಪ್ಯಾಂಟು ಎಳೆದು ಹಾಕಿದಳು. ಮೇಡಂ ಹೋದ ಮೇಲೆ ಅದನ್ನು ಯಂತ್ರದ ಡ್ರಾಯರಿಗೆ ಸೇರಿಸಿದಳು. ಡ್ರಾಯರಿಗೆ ಬೀಗವಿರಲಿಲ್ಲ, ಇಷ್ಟು ವರ್ಷ ಬೇಕಾಗಿಯೂ ಇರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಕಂಡಕ್ಟರು ಸೊನ್ನೆಗಳ ಹಾಳೆಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಮಗ ಅದನ್ನು ಗ್ರೀಸು ಬಿಡದ ಬೆರಳಿನಲ್ಲಿ ತಿರುಗಿಸಿ ನೋಡಿದ.

"ನಮ್ಮ ಲಿಫ್ಟಿನ ಥರಾನೇ ಇದೆ ಅಪ್ಪ. ಒಂದು ಡಬ್ಬ ಮೇಲೆ ಹೋಗ್ಬೇಕು ಅಂದ್ರೆ ಆ ಕಡೆ ಅಷ್ಟೇ ತೂಕ ಕೆಳಗೆ ಇಳೀಬೇಕು."

"ನಿಂಗೆ ಎಲ್ಲಾದ್ರಲ್ಲೂ ಲಿಫ್ಟೇ ಕಾಣ್ಸುತ್ತೆ," ಎಂದರು ಕಂಡಕ್ಟರು. ಮಗ ನೀವೇ ಮಾತಾಡಿಕೊಂಡು ತೀರ್ಮಾನ ಮಾಡಿ ಎಂದು ಕೈ ತೊಳೆದು ಎದ್ದ. ಮನೆಯ ಯಾವ ಜಗಳದಲ್ಲೂ ಅವನು ನೆಲಮಹಡಿ ಬಿಟ್ಟು ಮೇಲೆ ಬಂದವನಲ್ಲ.

"ಸೇರ್ತೀಯೇನೇ?" ಟೈಲರಮ್ಮ ಸೊಸೆಯನ್ನು ಕೇಳಿದಳು.

"ಸೇರ್ತೀನಿ ಅಂತ ನಾನೆಲ್ಲಿ ಹೇಳಿದೆ ಅತ್ತೆ? ನೋಡೋಣ ಅಂದೆ."

ಬಟ್ಟೆ ಅಂಗಡಿಗೆ ಹೋಗಿ "ನೋಡೋಣ" ಅಂದ ಹೆಂಗಸರು ಬರಿಗೈಯಲ್ಲಿ ಬಂದದ್ದನ್ನು ಟೈಲರಮ್ಮ ಕಂಡಿರಲಿಲ್ಲ. ಇವಳು ಹಳ್ಳಕ್ಕೆ ಬಿದ್ದಳು ಎಂದು ಅಂದೇ ತೀರ್ಮಾನಿಸಿಕೊಂಡಳು.

ಭಾನುವಾರ ಬಾಡಿಗೆ ಹಾಲಿನಲ್ಲಿ ಮೇಡಂನ ಪುಡಿ ಕಂಪನಿಯ ಸಭೆ. ಸೊಸೆ ಹೊರಟಳು, ಕಂಡಕ್ಟರು ಅವಳಿಗಿಂತ ಮುಂಚೆ ಚಪ್ಪಲಿ ಮೆಟ್ಟಿ ನಿಂತರು. ಕಾವಲಿಗೆ ಯಾರಾದರೂ ಬೇಕಲ್ಲ ಎಂದು ಟೈಲರಮ್ಮನೂ ಹೋದಳು. ಒಳಗೆ ಇನ್ನೂರು ಕುರ್ಚಿ, ಕಿವಿ ಗುಂಯ್‌ಗುಡುವ ಸಂಗೀತ, ವೇದಿಕೆಯ ಮೇಲೆ ನೀಲಿ ಡಬ್ಬಿಗಳ ಗೋಪುರ. ಕೋಟು ತೊಟ್ಟವನೊಬ್ಬ ಓಡುತ್ತಾ ಬಂದು, ಮೂರು ವರ್ಷದ ಹಿಂದೆ ನನ್ನ ಹತ್ತಿರ ಸೈಕಲ್ಲೂ ಇರಲಿಲ್ಲ ಎಂದು ಶುರುಮಾಡಿದ. ಜನ ಚಪ್ಪಾಳೆ ತಟ್ಟಿದರು. ಟೈಲರಮ್ಮ ಅವನ ಮಾತು ಕೇಳಲೇ ಇಲ್ಲ, ಕೋಟು ನೋಡುತ್ತಿದ್ದಳು. ಅವನು ಪರದೆಯ ಕಡೆ ತಿರುಗಿದಾಗ ಬೆನ್ನಿನ ನಡುವೆ ಮೂರು ಗುಂಡುಸೂಜಿ ಮಿಂಚಿದವು. ಅವನಿಗಿಂತ ದಪ್ಪದವನಿಗಾಗಿ ಹೊಲಿದ ಕೋಟು. ಹಿಂದೆ ಎಳೆದು ಸೂಜಿ ಚುಚ್ಚಿ ಮೈಗೆ ಕೂರಿಸಿದ್ದರು. ಬಾಡಿಗೆ ಅಂಗಡಿಯವರು ಒಂದು ದಿನದ ಗಿರಾಕಿಗೆ ಮಾಡಿಕೊಡುವ ಉಪಾಯ ಅದು, ಅಂಥ ಅಂಗಡಿಗೆ ಅವಳೂ ಒಂದು ಕಾಲದಲ್ಲಿ ಹೊಲಿದಿದ್ದಳು.

ಪ್ರಶ್ನೆ ಇದ್ದವರು ಕೇಳಿ ಅಂದಾಗ ಎದ್ದು ನಿಂತಳು. "ಹೋದ ತಿಂಗಳು ನೀವು ಎಷ್ಟು ಡಬ್ಬಿ ಮಾರಿದಿರಪ್ಪ? ಕಂಪನಿಗೆ ಸೇರಿದವರನ್ನ ಬಿಟ್ಟು, ಬರೀ ಬಟ್ಟೆ ಒಗೆಯೋರಿಗೆ?"

ಕೋಟಿನವನು ಎರಡು ಕೈ ಜೋಡಿಸಿದ. ತಾಯಂದಿರ ಅನುಮಾನ ಪ್ರೀತಿಯಿಂದಲೇ ಬರುತ್ತದೆ, ನಮ್ಮಮ್ಮನೂ ಹೀಗೇ ಕೇಳಿದ್ದರು, ಇವತ್ತು ಅವರು ಕಾರಿನಲ್ಲಿ ಓಡಾಡುತ್ತಾರೆ ಎಂದ. ಮತ್ತೆ ಚಪ್ಪಾಳೆ. ಟೈಲರಮ್ಮ ಕೂತಳು. ಪಕ್ಕದಲ್ಲಿ ಸೊಸೆ ಚೀಟಿಯೊಂದರ ಮೇಲೆ ಏನೋ ಬರೆದು ಮಡಚಿಕೊಂಡದ್ದು ಆಕೆಯ ಕಣ್ಣಿಗೆ ಬಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವರು ತನ್ನ ಗಂಡ ಎಂಬುದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೂವತ್ತು ವರ್ಷ ಬಸ್ಸಿನ ಬಾಗಿಲು ಬಡಿದ ಕೈ, ಅದರ ಸದ್ದು ಹಾಗೇ ಎಂದು ಸುಮ್ಮನಾದಳು.

ಮೂರನೆಯ ವಾರ ಸೊಸೆ ಬಚ್ಚಲಿನಲ್ಲಿ ಎರಡು ಬಕೆಟ್ ಇಟ್ಟುಕೊಂಡು ಕೂತಳು. ಮುಂದೆ ನೀಲಿ ಡಬ್ಬಿ. ಗಂಡನ ಹಳೆಯ ಅಂಗಿಯೊಂದನ್ನು ಎರಡು ಹೋಳು ಮಾಡಿ ಒಂದೊಂದು ಬಕೆಟ್ಟಿನಲ್ಲಿ ನೆನೆಹಾಕಿದ್ದಳು. ಗಟ್ಟಿ ಅಂಗಿಯನ್ನು ಹರಿದ ಸಂಕಟದಲ್ಲಿ ಟೈಲರಮ್ಮ ಅಲ್ಲಿಂದ ಸರ್ರನೆ ಬಂದುಬಿಟ್ಟಳು. ಡಬ್ಬಿ ಬಂದಿದೆ ಅಂದರೆ ದುಡ್ಡು ಹೋಗಿದೆ, ಇನ್ನು ಉಳಿದದ್ದು ಪಟ್ಟಿ ಒಂದೇ. ಆ ವಾರ ಸೊಸೆ ಎರಡು ಮಧ್ಯಾಹ್ನ ಎಲ್ಲಿಗೆ ಎಂದು ಹೇಳದೆ ಹೊರಗೆ ಹೋಗಿ ಬಂದಳು. ಕಂಡಕ್ಟರು ಹಿಂದಿನ ಕೋಣೆಯಲ್ಲಿ ಪೆನ್ಷನ್ ಅರ್ಜಿ ಬರೆಯುತ್ತಿದ್ದೇನೆ ಎಂದು ದಿನವಿಡೀ ತಲೆ ಬಗ್ಗಿಸಿ ಕೂತಿದ್ದರು. ಸದ್ಯ, ಇವರಾದರೂ ತಮ್ಮ ಪಾಡಿಗೆ ತಾವಿದ್ದಾರಲ್ಲ ಎಂದುಕೊಂಡಳು ಟೈಲರಮ್ಮ.

ಅನುಮಾನ ತಡೆಯಲಾಗದೆ ಒಂದು ಉಪಾಯ ಮಾಡಿದಳು. ಹೊಲಿದದ್ದನ್ನು ಕೊಟ್ಟುಬರಲು ಹೊರಡುವ ಮುಂಚೆ ಡ್ರಾಯರಿನಲ್ಲಿ ಪುಸ್ತಕದ ಮೇಲೆ ಅಡ್ಡಡ್ಡ ಒಂದು ಬಿಳಿ ದಾರ ಇಟ್ಟು ಹೋದಳು. ವಾಪಸು ಬಂದು ನೋಡಿದರೆ ದಾರ ಪುಸ್ತಕದ ಅಡಿಯಲ್ಲಿತ್ತು.

ಆ ಕ್ಷಣ ಸೊಸೆಯನ್ನು ಕರೆದು ಕೇಳಿದ್ದರೆ ಒಂದು ನಿಮಿಷದ ಮಾತು. ಕೇಳಲಿಲ್ಲ. ಪುಸ್ತಕವನ್ನು ತನ್ನ ಟ್ರಂಕಿಗೆ ಹಾಕಿ ಬೀಗ ಜಡಿದು, ಮುಟ್ಟಿದವಳೇ ಬಾಯಿ ಬಿಡಲಿ ಎಂದು ಮುಖ ಗಂಟು ಹಾಕಿಕೊಂಡು ಕೂತಳು. ಮುಂದಿನ ಐದು ದಿನ ಅತ್ತೆ ಸೊಸೆಯರ ಮಾತೆಲ್ಲ ಕಂಡಕ್ಟರ ಮೂಲಕ ನಡೆಯಿತು. ಅನ್ನ ಆಗಿದೆ ಅಂತ ಹೇಳ್ರಿ. ನೀರು ಬಂದಿದೆ ಅಂತ ಹೇಳಿ ಮಾವ. ಕಂಡಕ್ಟರು ಎರಡು ಕಡೆಯೂ ಒಂದೊಂದು ಟಿಕೆಟ್ ಹರಿದಂತೆ ಮಾತು ತಲುಪಿಸಿದರು.

ಮಂಗಳವಾರ ಬೆಳಗ್ಗೆ ಹೆಡ್‌ಮಿಸ್ಸು ಶಾಲೆಗೆ ಹೋಗುವ ದಾರಿಯಲ್ಲಿ ಬಂದರು. ಒಳಗೆ ಕೂರಲಿಲ್ಲ. ಫೋನು ಮುಂದೆ ಹಿಡಿದರು. ಟೈಲರಮ್ಮ ಕನ್ನಡಕ ಏರಿಸಿ ಓದಿದಳು.

"ಪ್ರಿಯ ಎಡಭುಜ ತಗ್ಗು ಅವರೇ, ನಿಮ್ಮ ಹಿತೈಷಿಯೊಬ್ಬರು ನಿಮ್ಮ ಹೆಸರನ್ನು ನಮಗೆ ಸೂಚಿಸಿದ್ದಾರೆ. ಇನ್ನು ಮುಂದೆ ನಿಮ್ಮ ಬದುಕೇ ಬದಲಾಗಲಿದೆ."

"ನನ್ನ ಎಡಭುಜದ ವಿಷಯ ಗೊತ್ತಿರೋದು ನಂಗೆ, ನಿಮಗೆ, ಇಬ್ಬರಿಗೇ," ಎಂದರು ಹೆಡ್‌ಮಿಸ್ಸು. "ನಂಗೇನೂ ಬೇಜಾರಿಲ್ಲ. ನಕ್ಕೆ. ಆದ್ರೆ ಇನ್ನೂ ಎಷ್ಟು ಜನಕ್ಕೆ ಹೋಗಿದೆ?"

ಎಷ್ಟು ಜನಕ್ಕೆ ಹೋಗಿದೆ ಎಂಬುದು ಹತ್ತು ಗಂಟೆಯೊಳಗೆ ಗೊತ್ತಾಯಿತು. ಔಷಧಿ ಅಂಗಡಿಯ ಯಜಮಾನತಿ ಫೋನಿನಲ್ಲೇ ಬೈದಳು. ಇನ್ನೊಬ್ಬಳು ಹೊಲಿಯಲು ಕೊಟ್ಟ ಬಟ್ಟೆ ಹಾಗೇ ವಾಪಸು ಕೊಡಿ, ತಮ್ಮನನ್ನು ಕಳಿಸುತ್ತೇನೆ ಅಂದಳು. ಟೈಲರಮ್ಮನಿಗೆ ಇವರ್ಯಾರ ಬೈಗುಳವೂ ಮುಟ್ಟಲಿಲ್ಲ. ಆಕೆಯ ಕಣ್ಣು ಬೀದಿಯ ಮೇಲೇ ಇತ್ತು.

ಪೋಸ್ಟಾಫೀಸಿನಾಕೆ ಬಂದದ್ದು ಮಧ್ಯಾಹ್ನ, ಕೌಂಟರು ಮುಚ್ಚುವ ಊಟದ ಬಿಡುವಿನಲ್ಲಿ. ಹೊಸಿಲಿನಾಚೆಯೇ ನಿಂತಳು. ದನಿ ಏರಿಸಲಿಲ್ಲ.

"ನಿನ್ನೆ ಊಟಕ್ಕೆ ಕೂತಾಗ ನನ್ನ ಫೋನು ಮಗನ ಕೈಯಲ್ಲಿತ್ತು. ಗಟ್ಟಿಯಾಗಿ ಓದಿದ. ಹತ್ತಿ ಅಂದ್ರೇನಮ್ಮ ಅಂದ."

ಟೈಲರಮ್ಮ ಹೊಸಿಲಿನವರೆಗೆ ಬಂದಳು. "ಏನಂದ್ರಿ?"

"ಹೇಳಿದೆ. ಇನ್ನೇನು ಮಾಡ್ಲಿ. ಅರ್ಧ ತಿಂದ ತಟ್ಟೆ ಬಿಟ್ಟು ಎದ್ದು ಹೋಗಿ ಬಾಗಿಲು ಹಾಕ್ಕೊಂಡ. ಹನ್ನೊಂದು ವರ್ಷ ನಂಗೆ ಹೇಳೋಕೆ ಆಗದೆ ಇದ್ದದ್ದು." ಕೈ ಚಾಚಿ, "ನನ್ನ ಪುಟ ಕೊಡಿ," ಎಂದಳು.

ಟೈಲರಮ್ಮ ಟ್ರಂಕು ತೆಗೆದು, ಪುಸ್ತಕ ತಂದು, ಪುಟ ಹರಿದು ಕೊಟ್ಟಳು. ಅವಸರಕ್ಕೆ ಒಂದು ಮೂಲೆ ಪುಸ್ತಕದಲ್ಲೇ ಉಳಿಯಿತು. ಪೋಸ್ಟಾಫೀಸಿನಾಕೆ ಆ ಮೂಲೆಯನ್ನೂ ಕೇಳಿ ಪಡೆದು, ಎರಡನ್ನೂ ಪರ್ಸಿನಲ್ಲಿಟ್ಟುಕೊಂಡು ಹೋದಳು.

ಸಂಜೆ ಮಗ ಬರುವವರೆಗೂ ಟೈಲರಮ್ಮ ಕಾದಳು. ನಾಲ್ವರೂ ಊಟಕ್ಕೆ ಕೂತ ಮೇಲೆ, ಅನ್ನಕ್ಕೆ ಬೇಳೆ ಹಾಕಿಕೊಳ್ಳುವ ಮುಂಚೆಯೇ ಕೇಳಿದಳು. ಐದು ದಿನದ ಮೇಲೆ ಸೊಸೆಯ ಜೊತೆ ಆಡಿದ ಮೊದಲ ಮಾತು ಅದು.

"ಪಟ್ಟಿ ಯಾವತ್ತು ಕೊಟ್ಟೆ?"

"ಯಾವ ಪಟ್ಟಿ?"

"ನಾಟಕ ಬೇಡ. ಡ್ರಾಯರಿಂದ ಪುಸ್ತಕ ತೆಗೆದದ್ದು ನಂಗೆ ಗೊತ್ತು. ನನ್ನ ಮೂವತ್ತು ವರ್ಷದ ಮಾನ ಒಂದು ಡಬ್ಬಿ ಪುಡಿಗೆ ಮಾರಿಬಿಟ್ಟೆಯಲ್ಲೇ."

ಮಗ ಅಮ್ಮ ಅಂದ. ಟೈಲರಮ್ಮ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದಳು. ಪೋಸ್ಟಾಫೀಸಿನಾಕೆಯ ಗುಟ್ಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಳು, ಹೇಳುತ್ತಾ ಹೇಳುತ್ತಾ ದನಿ ಏರಿತು, ಎಂಟು ವರ್ಷದ ಹಳೆಯ ಉಪ್ಪು ಹುಳಿಯೆಲ್ಲ ಹೊರಗೆ ಬಂತು. ಸೊಸೆ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದು ಒಳಗೆ ಹೋಗಿ ತನ್ನ ಫೋನು ತಂದು ಅತ್ತೆಯ ತಟ್ಟೆಯ ಪಕ್ಕ ಇಟ್ಟಳು.

"ಓದಿ."

ಕನ್ನಡಕ ಯಂತ್ರದ ಮೇಲಿತ್ತು. ಮಗನೇ ಓದಿದ. "ಪ್ರಿಯ ಉಸಿರು ಹಿಡಿಯುತ್ತಾಳೆ ಒಂದಿಂಚು ಬಿಡು ಅವರೇ, ನಿಮ್ಮ ಹಿತೈಷಿಯೊಬ್ಬರು..." ಅಲ್ಲಿಗೆ ನಿಲ್ಲಿಸಿದ.

"ನಿನ್ನೆ ಬೆಳಗ್ಗೆ ಬಂತು," ಎಂದಳು ಸೊಸೆ. "ಯಾರೋ ತಲೆಕೆಟ್ಟವರು ಕಳಿಸಿದ್ದಾರೆ ಅಂದ್ಕೊಂಡೆ. ಇವತ್ತು ಹೆಡ್‌ಮಿಸ್ಸು ಬಂದು ಹೋದ್ಮೇಲೆ ಗೊತ್ತಾಯ್ತು, ಇದು ನಾನು ಅಂತ. ನಾನು ಪಟ್ಟಿ ಮಾಡಿದ್ರೆ ಅದರಲ್ಲಿ ನನ್ನನ್ನೇ ಬರ್ಕೊಳ್ತೀನಾ ಅತ್ತೆ? ಬರ್ಕೊಂಡ್ರೂ ಹೀಗೆ ಬರ್ಕೊಳ್ತೀನಾ?"

ಆ ಸಾಲು ಬರೆದ ದಿನ ಟೈಲರಮ್ಮನ ಕಣ್ಣಿಗೆ ಕಟ್ಟಿತು. ಮದುವೆಯ ಬಟ್ಟೆಗೆ ಅಳತೆ ಕೊಡಲು ಬಂದಿದ್ದ ಹುಡುಗಿ ಟೇಪು ಸುತ್ತಿದ ಕೂಡಲೇ ಉಸಿರು ಬಿಗಿಹಿಡಿದು ಕಂಬದಂತೆ ನಿಂತಿದ್ದಳು. ಹೀಗೆ ನಿಂತವರ ಅಳತೆ ನಂಬಿ ಕತ್ತರಿಸಿದರೆ ಬಟ್ಟೆ ಬಿಗಿಯಾಗುತ್ತದೆ. ಅದಕ್ಕೇ ಬರೆದಿಟ್ಟುಕೊಂಡಿದ್ದಳು. ಅಂದಿನಿಂದ ಇಂದಿನವರೆಗೆ ಸೊಸೆಯ ಪ್ರತಿಯೊಂದು ಬಟ್ಟೆಗೂ ಒಂದಿಂಚು ಹೆಚ್ಚು ಬಿಟ್ಟೇ ಹೊಲಿದಿದ್ದಳು.

"ಎಲ್ಲರಿಗೂ ಮೈಗೆ ಹಿಡಿದ ಹಾಗೆ ಹೊಲೀತಾರೆ, ನಂಗೆ ಮಾತ್ರ ಗೋಣಿಚೀಲದ ಥರ ಹೊಲೀತಾರೆ ಅಂತ ಎಂಟು ವರ್ಷದಿಂದ ಕನ್ನಡಿ ಮುಂದೆ ಉಸಿರು ಹಿಡಿದು ನಿಂತಾಗೆಲ್ಲ ಅಂದ್ಕೊಂಡಿದ್ದೆ," ಎಂದಳು ಸೊಸೆ. "ನಾನು ಈ ಮನೆಗೆ ಹಿಡಿಸಲಿಲ್ಲ, ಅದಕ್ಕೇ ಹೀಗೆ ಅಂತ."

ಆಗ ಕಂಡಕ್ಟರು ತಟ್ಟೆ ಸರಿಸಿದರು. ತುತ್ತು ಇನ್ನೂ ಕೈಯಲ್ಲೇ ಇತ್ತು.

"ಬರೆದದ್ದು ನಾನು."

ಹೆಂಡತಿ ಹೊರಗೆ ಹೋದಾಗಲೆಲ್ಲ ಡ್ರಾಯರಿನ ಪುಸ್ತಕದಿಂದ ಒಂದಷ್ಟು ಗೀಚಿಕೊಂಡು, ಪೆನ್ಷನ್ ಅರ್ಜಿ ಎಂದು ಮೂರು ದಿನ ತಲೆ ಬಗ್ಗಿಸಿ ಬರೆದದ್ದು ಅದೇ ಪಟ್ಟಿ. ಸಭೆ ಮುಗಿದ ಮೇಲೆ ಮೇಡಂ ಅವರನ್ನು ಪಕ್ಕಕ್ಕೆ ಕರೆದು, ನೂರು ಹೆಸರು ತುಂಬಿಸಿ ಒಂದು ಪೆಟ್ಟಿಗೆ ಡಬ್ಬಿ ಕೊಂಡರೆ ಸೊಸೆಗೆ ಸೇರುವ ಶುಲ್ಕ ಮಾಫಿ, ನೇರವಾಗಿ ಕಂಪನಿಯ ಎರಡನೇ ಮೆಟ್ಟಿಲಿನ ಹುದ್ದೆ ಅಂದಿದ್ದಳಂತೆ. ಕೆಲಸ ಹೋದಾಗಿನಿಂದ ಹುಡುಗಿಯ ಮುಖ ನೋಡಲಾಗುತ್ತಿರಲಿಲ್ಲ, ಎಲ್ಲ ಆದ ಮೇಲೆ ಹೇಳಿ ಖುಷಿಪಡಿಸೋಣ ಅಂದುಕೊಂಡೆ ಎಂದರು. ಪೆಟ್ಟಿಗೆ ಅವರ ಮಂಚದ ಅಡಿಯಲ್ಲೇ ಇತ್ತು, ಮೇಲೆ ಹಳೆಯ ಕಂಬಳಿ ಮುಚ್ಚಿತ್ತು.

"ಆ ಹೆಸರುಗಳನ್ನ ಓದಿದಾಗ ನಿಮಗೇನೂ ಅನ್ಸಲಿಲ್ವೇನ್ರೀ?" ಟೈಲರಮ್ಮ ಕೇಳಿದಳು.

"ನನ್ನನ್ನ ಎಲ್ಲರೂ ಕಂಡಕ್ಟರ್ ಅಂತಾರೆ, ನಿನ್ನನ್ನ ಟೈಲರಮ್ಮ ಅಂತಾರೆ. ಅವರನ್ನೂ ನೀವು ಹೆಂಗಸರು ಹಾಗೇ ಕರೀತೀರೇನೋ ಅಂದ್ಕೊಂಡೆ," ಎಂದರು ಅವರು. ಬಸ್ಸಿನಲ್ಲಿ ಮೂವತ್ತು ವರ್ಷ ಸೀಟು ಎಣಿಸಿ ಟಿಕೆಟ್ ಹರಿದವರು. ನೂರು ಅಂದರೆ ನೂರು ತುಂಬಬೇಕಷ್ಟೆ, ಯಾರ ಮುಖವನ್ನೂ ನೋಡುವುದು ಅವರ ಅಭ್ಯಾಸವಲ್ಲ. ಕೊನೆಗೆ ತೊಂಬತ್ತೊಂಬತ್ತಕ್ಕೆ ನಿಂತುಹೋದಾಗ ಹಿಂದಿನ ಪುಟಗಳಲ್ಲಿ ಹುಡುಕಿ ಇನ್ನೊಂದು ಸೇರಿಸಿದ್ದರು. ಅದೇ ಸೊಸೆಯ ಪುಟ. ಆ ನಂಬರು ಮನೆಯದೇ ಎಂಬುದೂ ಹೊಳೆದಿರಲಿಲ್ಲ.

ಸೊಸೆ ಪರ್ಸಿನಿಂದ ಮಡಚಿದ ಚೀಟಿ ತೆಗೆದಳು. ಸಭೆಯಲ್ಲಿ ಬರೆದುಕೊಂಡದ್ದು. ಅದರ ಮೇಲುಗಡೆ ಅತ್ತೆ ಕೇಳಿದ ಪ್ರಶ್ನೆಯೇ ಇತ್ತು, ಪಕ್ಕದಲ್ಲಿ "ಉತ್ತರ ಕೊಡಲಿಲ್ಲ" ಎಂದಿತ್ತು. ಕೆಳಗೆ ಬಕೆಟ್ಟಿನ ಲೆಕ್ಕ: ಕಂಪನಿಯ ಪುಡಿ, ಬೀದಿ ಕೊನೆಯ ಅಂಗಡಿಯ ಪುಡಿ, ಗ್ರೀಸು ಎರಡರಲ್ಲೂ ಅಷ್ಟೇ ಬಿಟ್ಟಿದೆ. ಡಬ್ಬಿಯನ್ನು ಮೇಡಂ ಹತ್ತಿರ ಪರೀಕ್ಷೆಗೆ ಎಂದು ಕೇಳಿ ತಂದಿದ್ದಳು, ಕೊಂಡಿರಲಿಲ್ಲ. ಎರಡು ಮಧ್ಯಾಹ್ನ ಹೋದದ್ದು ಮೇಡಂ ಮನೆಗೂ, ಮೇಡಂ ಸೇರಿಸಿದ ಇನ್ನೊಬ್ಬಳ ಮನೆಗೂ. ಮೇಡಂ ಮನೆಯ ಸ್ನಾನದ ಕೋಣೆಯಲ್ಲಿ ಸೂರಿನವರೆಗೆ ಮಾರಾಟವಾಗದ ಪೆಟ್ಟಿಗೆಗಳು, ಮನೆಮಂದಿ ಪೆಟ್ಟಿಗೆಗಳ ನಡುವೆ ಅಡ್ಡಡ್ಡ ನಿಂತು ಸ್ನಾನ ಮಾಡುತ್ತಿದ್ದರಂತೆ. ಬೇಡ ಎಂದು ಅವಳು ಮೂರು ದಿನದ ಹಿಂದೆಯೇ ತೀರ್ಮಾನಿಸಿದ್ದಳು.

"ಹೇಳ್ಬಾರದಿತ್ತೇನೇ?" ಎಂದಳು ಟೈಲರಮ್ಮ.

"ಯಾರ ಹತ್ರ ಹೇಳ್ಲಿ? ನೀವು ನನ್ನ ಜೊತೆ ಮಾತು ಬಿಟ್ಟಿದ್ರಿ."

ಟೈಲರಮ್ಮನಿಗೆ ನಾಚಿಕೆಯಾಯಿತು. ಬಾಡಿಗೆ ಕೋಟಿನ ಸೂಜಿ ಕಂಡ ಕಣ್ಣಿಗೆ ಪಕ್ಕದಲ್ಲಿ ಕೂತವಳ ಚೀಟಿ ಓದಲಾಗಲಿಲ್ಲವಲ್ಲ ಎಂದು ಕೂತಲ್ಲೇ ಕುಗ್ಗಿದಳು. ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ.

ಮಾರನೆಯ ದಿನ ಕಂಡಕ್ಟರು ಮೇಡಂ ಮನೆಗೆ ಹೋಗಿ ಪಟ್ಟಿ ವಾಪಸು ಕೇಳಿದರು. ಹಾಳೆ ಕೊಟ್ಟಳು. ಕಂಪ್ಯೂಟರಿಗೆ ಹೋದದ್ದು ಹೋಯಿತು ಅಂಕಲ್, ಅದು ನನ್ನ ಕೈಯಲ್ಲಿಲ್ಲ ಅಂದಳು. ಪೆಟ್ಟಿಗೆ ವಾಪಸು ತೆಗೆದುಕೊಳ್ಳಲಿಲ್ಲ.

ಮುಂದೇನು ಎಂಬುದು ಸೊಸೆಗೆ ಹೊಳೆಯಿತು. ಸ್ಟುಡಿಯೋದಲ್ಲಿ ನೆಗೆಟಿವ್ ಯಾವತ್ತೂ ಇಟ್ಟುಕೊಳ್ಳುತ್ತಿರಲಿಲ್ಲ, ಲಕೋಟೆಗೆ ಹಾಕಿ ಗಿರಾಕಿಗೇ ಕೊಟ್ಟುಬಿಡುತ್ತಿದ್ದೆವು, ಬೇಕಾದಾಗ ಅವರೇ ತರುತ್ತಿದ್ದರು ಎಂದಳು. ಕಪಾಟಿನ ಮೇಲಿನ ಲಕೋಟೆ ಕಟ್ಟು ಕೆಳಗಿಳಿಯಿತು. ಅತ್ತೆ ಸೊಸೆ ಎರಡು ದಿನ ಕೂತು ಪುಸ್ತಕದ ಹೊಲಿಗೆ ಬಿಚ್ಚಿ, ಒಂದೊಂದು ಪುಟವನ್ನೂ ಒಂದೊಂದು ಲಕೋಟೆಗೆ ಹಾಕಿ ಅಂಟಿಸಿದರು. ಸೊಸೆ ಪುಟದ ಮೇಲ್ಭಾಗ ಓದದೆ ಹಾಕುತ್ತಿದ್ದಳು, ಟೈಲರಮ್ಮ 'ಅದು ಇಂಥವರದು' ಎಂದು ಹೇಳಿದ ಮೇಲೆ ಲಕೋಟೆಯ ಮೇಲೆ ನಿಜವಾದ ಹೆಸರು ಬರೆಯುತ್ತಿದ್ದಳು. ಹೆಸರು ನೆನಪಾಗದಿದ್ದಾಗ ಟೈಲರಮ್ಮ ಎದ್ದು ನಿಂತು ಆ ಹೆಂಗಸಿನಂತೆ ನಡೆದು ತೋರಿಸುವಳು, ಸೊಸೆ ಹೆಸರು ಹೇಳುವಳು. ಅಷ್ಟು ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಆಮೇಲಿನ ಮೂರು ವಾರ ಮೂವರೂ ಸಂಜೆ ಸಂಜೆ ಮನೆ ಮನೆ ತಿರುಗಿದರು. ಪ್ರತಿ ಮನೆಯ ಮುಂದೂ ಕಂಡಕ್ಟರು ಬಸ್ ನಿಲ್ಲುವ ಮುಂಚೆ ಇಳಿದವರಂತೆ ಮೊದಲು ಹೋಗಿ, ತಪ್ಪು ನಂದು ಎಂದು ಹೇಳಿ ಗೇಟಿನ ಹೊರಗೇ ನಿಲ್ಲುವರು. ಅತ್ತೆ ಸೊಸೆ ಒಳಗೆ ಹೋಗಿ ಮನೆಯಾಕೆಯ ಜೊತೆ ಮಾತಾಡುವರು. ಕೆಲವರು ನಕ್ಕು ಚಹಾ ಕೊಟ್ಟರು. ಕೆಲವರು ಲಕೋಟೆ ಇಸಿದುಕೊಂಡು ಬಾಗಿಲು ಹಾಕಿದರು. ಹೆಡ್‌ಮಿಸ್ಸು ತಮ್ಮ ಪುಟ ಅಲ್ಲೇ ತೆರೆದು ಓದಿ, ಇಪ್ಪತ್ತು ವರ್ಷದ ಹಿಂದೆ ನನ್ನ ಸೊಂಟ ಇಷ್ಟೇ ಇತ್ತೇ ಎಂದು ಸೊಸೆಗೆ ತೋರಿಸಿದರು. ಪೋಸ್ಟಾಫೀಸಿನಾಕೆಗೆ ಕೊಡಲು ಲಕೋಟೆ ಇರಲಿಲ್ಲ. ಟೈಲರಮ್ಮ ಒಂದು ಸಂಜೆ ಆಕೆಯ ಬೀದಿಯ ತಿರುವಿನವರೆಗೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು. ಆಕೆ ಇನ್ನೂ ಈ ಕಡೆ ಬಂದಿಲ್ಲ. ಬರುತ್ತಾಳೆ ಎಂದು ಟೈಲರಮ್ಮ ನಂಬಿಯೂ ಇಲ್ಲ. ಆದರೂ ಹತ್ತಿಯ ಸಣ್ಣ ಸುರುಳಿಯೊಂದನ್ನು ಡ್ರಾಯರಿನಲ್ಲಿ ಇಟ್ಟೇ ಇದ್ದಾಳೆ.

ಎಲ್ಲ ಹಂಚಿದ ಮೇಲೆ ಒಂದೇ ಒಂದು ಪುಟ ಉಳಿಯಿತು. ಟೈಲರಮ್ಮ ಅದನ್ನೂ ಲಕೋಟೆಗೆ ಹಾಕಿ ಸೊಸೆಯ ಮುಂದೆ ಹಿಡಿದಳು.

"ನಂದು ನಿಮ್ಮ ಹತ್ರಾನೇ ಇರ್ಲಿ," ಎಂದಳು ಸೊಸೆ. "ಆದ್ರೆ ಹೊಸದಾಗಿ ಅಳತೆ ತಗೊಳ್ಳಿ."

ಕಿಟಕಿಯ ಪಕ್ಕ ನಿಂತಳು. ಟೈಲರಮ್ಮ ಟೇಪು ಸುತ್ತಿದಳು. ಸೊಸೆ ಅಭ್ಯಾಸದಂತೆ ಉಸಿರು ಹಿಡಿದಳು.

"ಬಿಡೇ," ಎಂದಳು ಟೈಲರಮ್ಮ.

ಸೊಸೆ ಉಸಿರು ಬಿಟ್ಟಳು. ಟೇಪು ಒಂದೂವರೆ ಇಂಚು ಹೆಚ್ಚು ತೋರಿಸಿತು. ಟೈಲರಮ್ಮ ನಂಬದೆ ಇನ್ನೊಮ್ಮೆ ಸುತ್ತಿ ನೋಡಿದಳು, ಅಷ್ಟೇ ಇತ್ತು. ಎಂಟು ವರ್ಷ ಒಂದೇ ಇಂಚು ಬಿಟ್ಟಿದ್ದೆನಲ್ಲ, ಅರ್ಧ ಇಂಚು ಕಡಿಮೆಯೇ ಆಗಿತ್ತಲ್ಲ ಎಂದುಕೊಂಡಳು. ಹಳೆಯ ಸಾಲಿನ ಮೇಲೆ ಗೀಟು ಎಳೆದು, ಹೊಸ ಅಳತೆ ಬರೆದು, ಪೆನ್ನು ಹಿಡಿದುಕೊಂಡೇ ಕೇಳಿದಳು.

"ಪಕ್ಕದಲ್ಲಿ ಏನಂತ ಬರೀಲಿ?"

ಸೊಸೆ ಪುಟದ ಕಡೆ ಬಗ್ಗಿದಳು. "ಅನುಮಾನ ಬಂದ್ರೆ ಕೇಳು ಅಂತ ಬರೀರಿ."

ಟೈಲರಮ್ಮ ಒಂದೊಂದೇ ಅಕ್ಷರ ಒತ್ತಿ ಒತ್ತಿ ಅದನ್ನೇ ಬರೆದಳು.